ಆಗಸ್ಟ್ ಬಂದರೆ ಹಿಂದಿನ ಬೆಂಚು ಖಾಲಿ, ಏನು ಮಾಡಲಿ?

ಗಣಿತದ ಮೇಡಂ, ಕಾರವಾರ:
ನಾನು ತುಮಕೂರು ಕಡೆಯವಳು. ಬಂದರಿನ ಬದಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತು, ಹತ್ತಕ್ಕೆ ಗಣಿತ. ಜೂನ್, ಜುಲೈ ಪರವಾಗಿಲ್ಲ. ಯಾಂತ್ರಿಕ ಬೋಟುಗಳಿಗೆ 61 ದಿನ ಮೀನುಗಾರಿಕೆ ನಿಷೇಧ, ಹುಡುಗರು ತರಗತಿಯಲ್ಲೇ ಇರುತ್ತಾರೆ. ಆಗಸ್ಟ್ 1ಕ್ಕೆ ಬೋಟು ಇಳಿದವೋ, ಇವರೂ ಮಾಯ. ಅಪರೂಪಕ್ಕೆ ಬಂದರೂ ಡೆಸ್ಕಿಗೆ ತಲೆಯಿಟ್ಟು ನಿದ್ದೆ, ಎಬ್ಬಿಸಿದರೆ ಜಗಳ. ಹತ್ತನೇ ತರಗತಿಯ ಒಬ್ಬನಂತೂ ಮೊನ್ನೆ ಕಂಪಾಸ್ ಪೆಟ್ಟಿಗೆಯನ್ನು ಗೋಡೆಗೆ ಬೀಸಿ ಎದ್ದೇ ಹೋದ. ಕೈವಾರ ಬಾಗಿಲ ಬಳಿ ಬಿದ್ದಿತ್ತು, ಮೊಳೆ ಸೊಟ್ಟಗಾಗಿ. ತಂದೆ ತೀರಿಕೊಂಡಿದ್ದಾರೆ, ತಾಯಿ ಮೀನು ಮಾರುತ್ತಾರೆ. ಕುಡಿತವೂ ಶುರುವಾಗಿದೆಯೆಂದು ಉಳಿದವರು ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ‘ಟಿಸಿ ಕೊಟ್ಟು ಕಳಿಸಿ ಮೇಡಂ, ರಿಸಲ್ಟ್ ಆದರೂ ಉಳಿಯುತ್ತೆ’ ಅನ್ನುತ್ತಾರೆ. ನನಗೆ ಮನಸ್ಸೊಪ್ಪುತ್ತಿಲ್ಲ. ಕೊಂಕಣಿ ಬೇರೆ ಬರುವುದಿಲ್ಲ. ಇಂಥವರನ್ನು ಹಿಡಿದಿಟ್ಟುಕೊಂಡವರು ಯಾರಾದರೂ ಇದ್ದೀರಾ?

ಬೋಟಿನವ:
ಅಕ್ಕೋರೆ, ನಾನೂ ಅದೇ ಬೆಂಚಿನವ, ಈಗ ಪರ್ಸೀನ್ (ಮೀನಿನ ಹಿಂಡನ್ನು ಸುತ್ತುವ ದೊಡ್ಡ ಬಲೆ) ಬೋಟಿನಲ್ಲಿದ್ದೇನೆ. ರಾತ್ರಿಯಿಡೀ ಬಲೆ ಎಳೆದು ಬಂದವನಿಗೆ ಬೀಜಗಣಿತ ಹತ್ತುವುದಿಲ್ಲ, ನಿದ್ದೆ ಹತ್ತುತ್ತದೆ. ಮೊದಲ ಪೀರಿಯಡ್ ಮಲಗಲಿ ಬಿಡಿ. ಲೆಕ್ಕ ಬಾರದವ ಅಂತ ಮಾತ್ರ ತಿಳಿಯಬೇಡಿ. ಬಂಗಡೆ ಹರಾಜಾದ ಮೇಲೆ ಡೀಸೆಲ್, ಐಸ್ ಖರ್ಚು ಕಳೆದು, ಮಾಲಕರ ಪಾಲು ತೆಗೆದು, ತಲೆಗೆಷ್ಟು ಬಂತು ಅಂತ ಬಾಯಲ್ಲೇ ಹೇಳುತ್ತಾನೆ. ಐವತ್ತು ರೂಪಾಯಿ ತಪ್ಪಿದರೂ ಬಿಡುವವನಲ್ಲ. ಆ ಲೆಕ್ಕ ಅವನ ಕೈಲೇ ಬೋರ್ಡಿನ ಮೇಲೆ ಬರೆಸಿ. ಎಕ್ಸು, ವೈ ಆಮೇಲೆ.

ನಿವೃತ್ತ ಮಾಸ್ತರು, ಶಿರಸಿ:
ಬೋರ್ಡಿನ ಲೆಕ್ಕ ಚಲೋ. ಮನೆಯ ಲೆಕ್ಕ? ತಾಯಿಗೆ ವಿಧವಾ ವೇತನ ಬರುತ್ತಿದೆಯೇ ಕೇಳಿ. ಇಲ್ಲದಿದ್ದರೆ ನಾಡಕಚೇರಿಗೆ ಅರ್ಜಿ ಹಾಕಿಸಿ, ಜೊತೆಗೆ ನೀವೇ ಹೋಗಿ. ಟಿಸಿ ಮಾತ್ರ ಬೇಡ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕರವರೆಗೆ ಮಾತ್ರ, ಆಮೇಲೆ ಹೆಸರು ಹೊಡೆದರೆ ಕೇಳುವವರಿಲ್ಲ. ಹಾಜರಾತಿ ಉಳಿಸಿ ಪರೀಕ್ಷೆಗೆ ಕೂರಿಸಿ. ಬಿದ್ದ ವಿಷಯವನ್ನು ಈಗ ಅದೇ ವರ್ಷ ಮತ್ತೆ ಬರೆಯಬಹುದು. ಕುಡಿತದ ವಿಷಯ ತರಗತಿಯಲ್ಲಿ ಎತ್ತಲೇಬೇಡಿ, ಮಾನ ಹೋದ ಹುಡುಗ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ.

ಗಣಿತದ ಮೇಡಂ:
ವಿಧವಾ ವೇತನ ಹೊಳೆದಿರಲಿಲ್ಲ ಸರ್. ತಾಯಿಯನ್ನು ಎಲ್ಲಿ ಮಾತಾಡಿಸಲಿ? ಮನೆಗೆ ಹೋದರೆ ಬಾಗಿಲು ಹಾಕಿರುತ್ತದೆ.

ಬೋಟಿನವ:
ಮೀನು ಪೇಟೆಗೇ ಹೋಗಿ, ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ. ದೂರು ಒಯ್ಯಬೇಡಿ, ಮೊದಲು ಮೀನು ಕೊಳ್ಳಿ.

ಗಣಿತದ ಮೇಡಂ:
ನಾವು ಮೀನು ತಿನ್ನುವುದಿಲ್ಲವಲ್ಲ!

ಬೋಟಿನವ:
ಪಕ್ಕದ ಮನೆಯವರು ತಿನ್ನುತ್ತಾರಲ್ಲ ಅಕ್ಕೋರೆ. ಚೌಕಾಸಿ ಮಾತ್ರ ಮಾಡಬೇಡಿ.