ಅಮ್ಮನ ಊದುವ ಟೆಸ್ಟ್‌ನಲ್ಲಿ 60 ಪರ್ಸೆಂಟ್ ಬಂದಿದೆ, ಶ್ವಾಸಕೋಶ ಅಷ್ಟೇ ಉಳಿದಿದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಮ್ಮನಿಗೆ 58 ವರ್ಷ, ಅರಸೀಕೆರೆ ಹತ್ತಿರದ ಹಳ್ಳಿ. ಮದುವೆಯಾದಾಗಿನಿಂದ ಸೌದೆ ಒಲೆಯಲ್ಲೇ ಅಡುಗೆ. ಗ್ಯಾಸ್ ಬಂದ ಮೇಲೂ ಮುದ್ದೆ, ಸ್ನಾನದ ನೀರು ಒಲೆ ಮೇಲೇ. ಎರಡು ವರ್ಷದಿಂದ ಬೆಳಗಿನ ಜಾವ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಸದ್ದು. ಹೋದ ವಾರ ಸ್ಪೈರೋಮೆಟ್ರಿ ಮಾಡಿಸಿದೆವು. ಎಫ್‌ವಿಸಿ (ಒಂದೇ ಉಸಿರಿಗೆ ಊದಿದ ಒಟ್ಟು ಗಾಳಿ) 1.62 ಲೀಟರ್, 75 ಪರ್ಸೆಂಟ್. ಎಫ್‌ಇವಿ1 (ಅದರಲ್ಲಿ ಮೊದಲ ಸೆಕೆಂಡಿನ ಗಾಳಿ) 1.05 ಲೀಟರ್, 60 ಪರ್ಸೆಂಟ್. ಎರಡರ ಅನುಪಾತ 65 ಪರ್ಸೆಂಟ್. ಪಂಪ್ (ಇನ್ಹೇಲರ್) ಕೊಟ್ಟ ಮೇಲೆ ಎಫ್‌ವಿಸಿ 1.78, ಎಫ್‌ಇವಿ1 1.29. ಡಾಕ್ಟರ್‌ಗೆ ತೋರಿಸುವುದು ಸೋಮವಾರ. 40 ಭಾಗ ಹೋಗೇಬಿಟ್ಟಿದೆ ಅಂತ ನನಗೆ ನಿದ್ದೆಯೇ ಬರುತ್ತಿಲ್ಲ.

ಉತ್ತರ: ಮೊದಲು ಆ 40ರ ಭಯ ಬಿಡಿ. 60 ಅಂದರೆ ಉಳಿದಿರುವ ಶ್ವಾಸಕೋಶ ಅಲ್ಲ. ಅಮ್ಮನಷ್ಟೇ ವಯಸ್ಸು, ಎತ್ತರ ಇರುವ ಆರೋಗ್ಯವಂತ ಹೆಂಗಸು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 1.75 ಲೀಟರ್ ಗಾಳಿ ಹೊರಹಾಕುತ್ತಾರೆ ಅನ್ನುವುದು ಯಂತ್ರದ ಲೆಕ್ಕ. ಅಮ್ಮ 1.05 ಹಾಕಿದ್ದಾರೆ. ಗಾಳಿ ಹೋಗುವ ದಾರಿ ಬಿಗಿದಿದ್ದರೂ ಹೀಗೇ ಬರುತ್ತದೆ. ಆ ಬಿಗಿತ ಮದ್ದಿಗೆ ಸಡಿಲ ಆಗಬಹುದು.

ಒಂದು ವಿಷಯ ಹೇಳಿ. ಎಷ್ಟು ಸಲ ಊದಿಸಿದರು? ಪ್ರತಿ ಸಲದ ಎಫ್‌ವಿಸಿ ರಿಪೋರ್ಟ್‌ನಲ್ಲಿದೆಯಾ?

ಪ್ರಶ್ನೆ: ಪಂಪ್‌ಗೆ ಮೊದಲು ಮೂರು ಸಲ. 1.21, 1.40, 1.62. ಅಮ್ಮ ಊದುಗೊಳವೆಯಲ್ಲಿ ಒಲೆ ಊದುವ ಹಾಗೇ ನಿಧಾನಕ್ಕೆ ಊದುತ್ತಿದ್ದರು. ಅಲ್ಲಿದ್ದವರು ಬೈದರು ಕೂಡ.

ಉತ್ತರ: ಬೈಯಬಾರದಿತ್ತು, ಪಾಪ. ಇದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಕೆಂಡಕ್ಕೆ ಊದುವಾಗ ಬೂದಿ ಹಾರದ ಹಾಗೆ ಮೆತ್ತಗೆ, ಒಂದೇ ಸಮ ಊದಬೇಕು. ಈ ಟೆಸ್ಟ್‌ನಲ್ಲಿ ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ಒಂದೇ ಏಟಿಗೆ ಜೋರಾಗಿ ಬಿಡಬೇಕು. ಆಮೇಲೂ ನಿಲ್ಲಿಸದೆ, ಸಾಧ್ಯವಾದರೆ ಆರು ಸೆಕೆಂಡು, ಪೂರ್ತಿ ಖಾಲಿ ಮಾಡಬೇಕು. ಮೂವತ್ತು ವರ್ಷದ ಕೈರೂಢಿ ಒಂದೇ ದಿನಕ್ಕೆ ಹೋಗುತ್ತದಾ?

ಎಲ್ಲಕ್ಕಿಂತ ಚೆನ್ನಾಗಿ ಬಂದ ಎರಡು ಊದುಗಳ ನಡುವೆ 150 ಮಿಲಿಲೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಮ್ಮನದು 220. ಅದೂ ಪ್ರತಿ ಸಲ ಏರುತ್ತಲೇ ಹೋಗಿದೆ, ಅಂದರೆ ಅವರು ಆಗಷ್ಟೇ ಕಲಿಯುತ್ತಿದ್ದರು. ಹಾಗಾಗಿ ಈ 60 ಅನ್ನು ನಾನು ಪೂರ್ತಿ ನಂಬುವುದಿಲ್ಲ.

ಪಂಪ್ ಆದ ಮೇಲೆ ಎಫ್‌ಇವಿ1 240 ಮಿಲಿಲೀಟರ್ ಏರಿದೆ, ಸುಮಾರು 23 ಪರ್ಸೆಂಟ್. 200 ಮಿಲಿಲೀಟರ್ ಮತ್ತು 12 ಪರ್ಸೆಂಟ್ ಎರಡೂ ದಾಟಿದರೆ ಆಸ್ತಮಾ ಕಡೆ ಯೋಚಿಸುತ್ತೇವೆ. ಅನುಪಾತವೂ 72ಕ್ಕೆ ಬಂದಿದೆ. ಹೊಗೆಯಿಂದ ಬರುವ ಸಿಒಪಿಡಿಯಲ್ಲಿ (ಗಾಳಿ ದಾರಿ ಕಾಯಂ ಬಿಗಿದುಕೊಳ್ಳುವ ಕಾಯಿಲೆ) ಪಂಪ್ ಆದ ಮೇಲೂ ಅದು 70ಕ್ಕಿಂತ ಕೆಳಗೇ ಇರುತ್ತದೆ. ಆದರೆ ಏರಿದ್ದು ಮದ್ದಿನಿಂದಲೋ, ಅಷ್ಟು ಹೊತ್ತಿಗೆ ಊದುವುದು ರೂಢಿಯಾಗಿದ್ದಕ್ಕೋ? ಅದಕ್ಕೇ ಇನ್ನೊಮ್ಮೆ ಮಾಡಿಸಿ ಅನ್ನುತ್ತಿದ್ದೇನೆ. ಎದೆಯ ಎಕ್ಸ್‌ರೇ ಆಗಿಲ್ಲದಿದ್ದರೆ ಅದನ್ನೂ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ: ಇನ್ಹೇಲರ್ ಕೊಟ್ಟರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತ ಅತ್ತೆ ಹೆದರಿಸುತ್ತಿದ್ದಾರೆ. ಮಾತ್ರೆಯೇ ಕೇಳಲಾ?

ಉತ್ತರ: ಬೇಡ. ಗಾಳಿ ದಾರಿ ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಇದ್ದರೆ, ಪಂಪ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಗೆ 40 ಪಫ್ ಮದ್ದು, ಅದೂ ಮೈಯೆಲ್ಲ ಸುತ್ತಿ ಬರಬೇಕು. ಕೈ ನಡುಗುವುದು, ಎದೆ ಡವಡವ ಅನ್ನುವುದು ಅದಕ್ಕೇ. ಇನ್ಹೇಲರ್ ಚಟ ಹಿಡಿಸುವುದಿಲ್ಲ. ಕೆಲವರಿಗೆ ತುಂಬಾ ದಿನ ಬೇಕಾಗುತ್ತದೆ ನಿಜ, ಬಿಪಿ ಮಾತ್ರೆಯ ಹಾಗೆ. ಅಮ್ಮನಿಗೆ ಸ್ಪೇಸರ್ (ಪಂಪ್‌ಗೆ ಸಿಕ್ಕಿಸುವ ಟೊಳ್ಳು ಡಬ್ಬಿ) ಜೊತೆ ಕೊಡಲು ಹೇಳಿ, ಸುಲಭ.

ಇವತ್ತಿನಿಂದಲೇ ಮಾಡಬಹುದಾದದ್ದು ಒಲೆಯ ಕೆಲಸ. ನೀರು ಕಾಯಿಸುವುದನ್ನಾದರೂ ಮನೆಯಿಂದ ಹೊರಗೆ ಹಾಕಿ, ಬೇರೆ ಯಾರಾದರೂ ಉರಿ ಹಾಕಲಿ. ಮಾತಾಡುವಾಗ ಅರ್ಧಕ್ಕೇ ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಸೋಮವಾರದ ತನಕ ಕಾಯಬೇಡಿ.

ಪ್ರಶ್ನೆ: ಸರಿ ಮೇಡಂ. ಮನೆಯಲ್ಲಿ ಮೊದಲೇ ಊದಿಸಿ ಅಭ್ಯಾಸ ಮಾಡಿಸಲಾ?

ಉತ್ತರ: ಜಾಸ್ತಿ ಬೇಡ, ತಲೆ ಸುತ್ತುತ್ತದೆ. ಕೂರಿಸಿ ಎರಡು ಸಲ ನೀವೇ ಊದಿ ತೋರಿಸಿ. ಟೆಸ್ಟ್ ದಿನ ಹೊಟ್ಟೆ ಬಿರಿಯುವ ಹಾಗೆ ಊಟ ಬೇಡ. ಹಳೆಯ ರಿಪೋರ್ಟ್ ಮರೆಯದೆ ಒಯ್ಯಿರಿ, ಮೂರೂ ಊದುಗಳ ಗ್ರಾಫ್ ಇರುವ ಪುಟದ ಸಮೇತ.