‘ಹಾರ್ಮೋನ್ ಮಾತ್ರೆ’: ಕೊಡುವುದೋ, ತಡೆಯುವುದೋ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್, ಲೆಟ್ರೊಜೋಲ್ ಕುರಿತು ಕನ್ನಡದಲ್ಲಿ ಒಂದು ಕರಪತ್ರ ಆಗಬೇಕಿದೆ. ಜನರ ಬಾಯಲ್ಲಿರುವುದು ‘ಹಾರ್ಮೋನ್ ಮಾತ್ರೆ’. ಮುಟ್ಟು ಸರಿಹೋಗಲು ಕೊಡುವುದಕ್ಕೂ, ಥೈರಾಯ್ಡ್ ಮಾತ್ರೆಗೂ ಅದೇ ಹೆಸರು. ‘ನಿರೋಧಕ’ ಅಂದರೆ ಕಾಂಡೋಮ್ ನೆನಪಾಗುತ್ತದೆ. ಜೀವಕೋಶದಲ್ಲಿ ಹಾರ್ಮೋನ್ ಬಂದು ಕೂರುವ ಜಾಗವಾದ ರಿಸೆಪ್ಟರಿಗೆ ‘ಗ್ರಾಹಕ’ ಅಂದರೆ ಅಂಗಡಿ ಗಿರಾಕಿ! ಏನು ಬರೆಯೋಣ?

ಉತ್ತರ (ಶಿವಮೊಗ್ಗದಿಂದ):
‘ಹಾರ್ಮೋನ್ ತಡೆ ಮಾತ್ರೆ’ ಅನ್ನಿ, ಸಾಕು. ಆದರೆ ಎರಡೂ ತಡೆಯುವ ಜಾಗ ಬೇರೆ, ಅದನ್ನು ಬಿಡಿಸಿ ಬರೆಯಬೇಕು. ಟಮಾಕ್ಸಿಫೆನ್, ಇಂಥ ಗಡ್ಡೆ ಬೆಳೆಯಲು ನೆರವಾಗುವ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ನಿನ ಉತ್ಪತ್ತಿಯನ್ನು ನಿಲ್ಲಿಸುವುದಿಲ್ಲ. ಸ್ತನದ ಜೀವಕೋಶದಲ್ಲಿ ಈಸ್ಟ್ರೋಜೆನ್ ಕೂರಬೇಕಾದ ರಿಸೆಪ್ಟರಿನಲ್ಲಿ ತಾನು ಕೂರುತ್ತದೆ. ತೋಟದ ತೂಬು ಮುಚ್ಚಿದ ಹಾಗೆ: ಕಾಲುವೆಯಲ್ಲಿ ನೀರಿದೆ, ಒಳಗೆ ಬರುವುದಿಲ್ಲ. ಲೆಟ್ರೊಜೋಲ್, ಈಸ್ಟ್ರೋಜೆನ್ ತಯಾರಿಸುವ ಅರೊಮಟೇಸ್ ಕಿಣ್ವವನ್ನು ಕಟ್ಟಿಹಾಕಿ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಮುಟ್ಟು ನಿಲ್ಲದವರಿಗೆ ಇದೊಂದನ್ನೇ ಕೊಟ್ಟು ಫಲವಿಲ್ಲ, ಅಂಡಾಶಯವನ್ನು ಸುಮ್ಮನಾಗಿಸುವ ಇಂಜೆಕ್ಷನ್ನೂ ಬೇಕು.

ಟಮಾಕ್ಸಿಫೆನ್‌ಗೆ ‘ಈಸ್ಟ್ರೋಜೆನ್ ವಿರೋಧಿ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಗರ್ಭಕೋಶದ ಒಳಪದರದಲ್ಲಿ ಅದು ಈಸ್ಟ್ರೋಜೆನ್ನಿನಂತೆಯೇ ವರ್ತಿಸುತ್ತದೆ. ಆದ್ದರಿಂದಲೇ ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು, ಆಗ ಕೂಡಲೇ ಆಸ್ಪತ್ರೆ. ಇವನ್ನು ‘ಅಡ್ಡಪರಿಣಾಮ’ದ ಪಟ್ಟಿಯಲ್ಲಿ ಮೈ ಬಿಸಿಯೇರುವುದರ ಜೊತೆ ಸೇರಿಸಬೇಡಿ, ಓದುವವರು ಹಾರಿಸಿಬಿಡುತ್ತಾರೆ. ಲೆಟ್ರೊಜೋಲಿನ ತೊಂದರೆ ಬೇರೆ: ಕೀಲುನೋವು, ಮೂಳೆ ಸವೆತ.

ಮುಟ್ಟು ತಪ್ಪಿದರೂ ಟಮಾಕ್ಸಿಫೆನ್ ತೆಗೆದುಕೊಳ್ಳುವಾಗ ಬಸಿರಾಗಬಹುದು. ಹಾಗೆಂದು ಗರ್ಭನಿರೋಧಕ ಮಾತ್ರೆ ನುಂಗಬಾರದು, ಅದರಲ್ಲೇ ಹಾರ್ಮೋನ್ ಇದೆ. ಕಾಪರ್-ಟಿ ಅಥವಾ ಕಾಂಡೋಮ್ ಅಂತ ಹೆಸರು ಹಿಡಿದೇ ಬರೆಯಿರಿ.

ರೋಗ ಬರದಂತೆ ಕೊಡುವಾಗಲೂ ‘ತಡೆ’ ಅಂದರೆ ಗೊಂದಲ. ಅಲ್ಲಿ ‘ಬರುವ ಸಾಧ್ಯತೆ ತಗ್ಗಿಸಲು’ ಎನ್ನಿ. ಬರುವುದೇ ಇಲ್ಲವೆಂಬ ಭರವಸೆ ಯಾರೂ ಕೊಡಲಾರರು.

ಮರುಉತ್ತರ (ಸಾಗರದಿಂದ):
ರಿಸೆಪ್ಟರ್ ಹಾಗೇ ಇರಲಿ. ಗಡ್ಡೆಯ ವರದಿಯಲ್ಲಿ ‘ಇ.ಆರ್. (ಈಸ್ಟ್ರೋಜೆನ್ ರಿಸೆಪ್ಟರ್) ಪಾಸಿಟಿವ್’ ಎಂದಿರುತ್ತದೆ. ಪಾಸಿಟಿವ್ ಅಂದರೆ ಕೆಟ್ಟದ್ದೆಂದು ಹೆದರುವವರಿಗೆ, ಈ ಮಾತ್ರೆ ನಾಟುವ ಬಗೆಯ ಗಡ್ಡೆ ಎಂದು ಅಲ್ಲೇ ತಿಳಿಸಿ. ಅಳತೆಯನ್ನು ಅಕ್ಷರದಲ್ಲೂ ಬರೆಯಿರಿ. ಟಮಾಕ್ಸಿಫೆನ್ ಸಾಮಾನ್ಯವಾಗಿ ದಿನಕ್ಕೆ 20 ಮಿ.ಗ್ರಾಂ, ಲೆಟ್ರೊಜೋಲ್ 2.5. ಜೆರಾಕ್ಸಿನಲ್ಲಿ ಚುಕ್ಕೆ ಮಾಸಿದರೆ 25 ಆಗುತ್ತದೆ, ಇದೇ ಗುಂಪಿನ ಇನ್ನೊಂದು ಮಾತ್ರೆ ಎಕ್ಸೆಮೆಸ್ಟೇನಿನ ಅಳತೆಯೂ 25 ಮಿ.ಗ್ರಾಂ. ‘ಎರಡೂವರೆ’ ಅಂದರೆ ಆ ತಂಟೆಯಿಲ್ಲ.