ಅಪ್‌ಡೇಟ್: ಎನ್‌ಲಾರ್ಜರಿನ ಮೋಟರ್ ಮತ್ತು ಗೇರ್ ಬದಲಾಯಿಸಿದ್ದೇನೆ

ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಡಾರ್ಕ್‌ರೂಮ್ ಎನ್‌ಲಾರ್ಜರಿನ ತಲೆಭಾಗ ಅರ್ಧಕ್ಕೇರಿ ನಿಂತುಬಿಡುತ್ತದೆ, ಮೋಟರ್ ಮಾತ್ರ ಗುಂಯ್‌ಗುಡುತ್ತದೆ ಎಂದು ಹಿಂದೆ ಕೇಳಿದ್ದೆ. ತಾವೆಲ್ಲ ಸೂಚಿಸಿದಂತೆ ಕವಚ ಬಿಚ್ಚಿ ನೋಡಿದಾಗ, ಉಕ್ಕಿನ ಶಾಫ್ಟಿಗೆ ಬಿಗಿಯಾಗಿ ಕೂರಿಸಿದ್ದ ನೈಲಾನ್ ಗೇರ್ ಎರಡು ಹಲ್ಲುಗಳ ನಡುವೆ ಒಳಗಿನ ರಂಧ್ರದವರೆಗೂ ಸೀಳಿತ್ತು. ಸೀಳಿನಿಂದ ಅಗಲವಾದ ಆ ಜಾಗ ಪಕ್ಕದ ಗೇರಿಗೆ ಹೊಂದದೆ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು.

ಹಲ್ಲುಗಳು 24, ಹೊರವ್ಯಾಸ 26 ಮಿ.ಮೀ. ಇದ್ದವು, ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಅದರಿಂದ ವ್ಯಾಸವನ್ನು ಭಾಗಿಸಿದರೆ ಮಾಡ್ಯೂಲ್ (ಗೇರಿನ ಹಲ್ಲಿನ ಗಾತ್ರದ ಅಳತೆ) 1 ಎಂದು ತಿಳಿಯುತ್ತದೆ. ಕೆಲವರು ಹಿತ್ತಾಳೆಯ ಗೇರ್ ಹೇಳಿದ್ದರೂ ಅಸಿಟಾಲ್ ಪ್ಲಾಸ್ಟಿಕ್ಕಿನದನ್ನೇ ಹಾಕಿಸಿದೆ, ಏಕೆಂದರೆ ಮುಂದೆ ಎಲ್ಲಾದರೂ ಸಿಕ್ಕಿಕೊಂಡರೆ ಮೋಟರಿಗಿಂತ ಮೊದಲು ಗೇರ್ ಮುರಿಯುವುದೇ ಲೇಸು. ಸುರುಳಿ ಕರಕಲಾಗಿದ್ದ ಮೋಟರಿನ ಬದಲು ಅದೇ ವೋಲ್ಟೇಜ್, ಅದೇ ಆರ್‌ಪಿಎಂ ಇರುವುದನ್ನು ಕೂರಿಸಿ, ನೆಗೆಟಿವ್, ಲೆನ್ಸ್, ಬೇಸ್‌ಬೋರ್ಡ್ (ಕಾಗದ ಇಡುವ ಕೆಳಹಲಗೆ) ಮೂರೂ ಸಮಾನಾಂತರವಾಗಿರುವಂತೆ ಹೊಂದಿಸಿದ ಮೇಲೆ, ಈಗ ನಾಲ್ಕೂ ಮೂಲೆಗಳಲ್ಲಿ ಗ್ರೇನ್ (ಫಿಲ್ಮಿನ ಸೂಕ್ಷ್ಮ ಕಣಗಳು) ಸ್ಪಷ್ಟವಾಗಿ ಮೂಡುತ್ತಿದೆ.